ಸೆಕ್ಸ್‌ಟಂಟ್ ದೋಷಗಳು: ಕಡಲಿಲ್ಲದ ಊರಲ್ಲಿ ಅಭ್ಯಾಸ ಮಾಡುವವರಿಗೆ

ಸೂರ್ಯ, ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿವೆ ಎಂಬ ಕೋನ ಅಳೆದು ನಾವಿರುವ ಜಾಗ ಕಂಡುಹಿಡಿಯುವ ಸಾಧನ ಸೆಕ್ಸ್‌ಟಂಟ್. ಉಣಕಲ್ ಕೆರೆಯ ಆಚೆ ದಡವನ್ನು ದಿಗಂತ ಅಂತ ಹಿಡಿಯಬೇಡಿ, ಅದು ತೀರಾ ಹತ್ತಿರ. ಹುಬ್ಬಳ್ಳಿ-ಧಾರವಾಡದಲ್ಲಿ ಕೃತಕ ದಿಗಂತವೇ ಗತಿ: ಒಳಗೆ ಕಪ್ಪು ಬಣ್ಣ ಬಳಿದ ಪರಾತದಲ್ಲಿ ಅರ್ಧ ಸೆಂ.ಮೀ. ಎಂಜಿನ್ ಆಯಿಲ್. ನೀರಾದರೆ ಸಣ್ಣ ಗಾಳಿಗೂ ಅಲೆ. ಮನೆ ಪಿ.ಬಿ. ರಸ್ತೆಗೆ ಹತ್ತಿದ್ದರೆ ಲಾರಿ ಹಾದಾಗ ಎಣ್ಣೆಯೊಳಗಿನ ಸೂರ್ಯ ನಡುಗುತ್ತಾನೆ, ನಿಲ್ಲುವವರೆಗೆ ಕಾಯಿರಿ. ಎರಡೂ ಕನ್ನಡಿಗಳ ಮುಂದೆ ಕಪ್ಪು ಗಾಜು ಇರಲೇಬೇಕು. ಎಣ್ಣೆಯ ಪ್ರತಿಬಿಂಬವೂ ಕಣ್ಣು ಸುಡುತ್ತದೆ.

ಮೊದಲು ಇಂಡೆಕ್ಸ್ ಎರರ್, ಅಂದರೆ ಸೊನ್ನೆ ಇರಬೇಕಾದಲ್ಲಿ ಸ್ಕೇಲು ತೋರಿಸುವ ತಪ್ಪು. ಕಪ್ಪು ಗಾಜು ಹಾಕಿದ ಸೆಕ್ಸ್‌ಟಂಟಿನಲ್ಲಿ ನೇರವಾಗಿ ಸೂರ್ಯನನ್ನು ನೋಡಿ, ಎರಡು ಬಿಂಬಗಳ ಅಂಚು ಮುಟ್ಟಿಸಿ: ಒಮ್ಮೆ ಸೊನ್ನೆಯ ಈಚೆ, ಒಮ್ಮೆ ಆಚೆ. ಸ್ಕೇಲಿನ ಮೇಲೆ 33.4′, ಸೊನ್ನೆಯ ಹೊರಗೆ 30.6′ ಬಂತು ಅನ್ನಿ (′ ಅಂದರೆ ಕೋನದ ನಿಮಿಷ, 60 ಸೇರಿದರೆ 1°). ವ್ಯತ್ಯಾಸದ ಅರ್ಧ 1.4′, ಸ್ಕೇಲಿನ ಮೇಲಿನದೇ ದೊಡ್ಡದು, ಆದ್ದರಿಂದ ಕಳೆಯಬೇಕು. ಮೊತ್ತ 64.0′, ನಾಲ್ಕರಿಂದ ಭಾಗಿಸಿದರೆ 16.0′. ಇದು ಸೂರ್ಯನ ಅರೆವ್ಯಾಸ; ನಾವಿಕರ ಪಂಚಾಂಗದ (ನಾಟಿಕಲ್ ಆಲ್ಮನ್ಯಾಕ್) ಅಂಕಿಗೆ ಹೊಂದದಿದ್ದರೆ ಓದಿದ್ದೇ ತಪ್ಪು. ಎರಡು-ಮೂರು ನಿಮಿಷದೊಳಗಿನ ದೋಷಕ್ಕೆ ಸ್ಕ್ರೂ ತಿರುವಬೇಡಿ, ಲೆಕ್ಕದಲ್ಲಿ ಕಳೆದುಬಿಡಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎಣ್ಣೆಯ ಮೇಲೆ ಅಳೆಯುವುದು ಆಕಾಶದ ಸೂರ್ಯನಿಗೂ ಅದರ ಪ್ರತಿಬಿಂಬಕ್ಕೂ ನಡುವಿನ ಕೋನ, ಅದು ನಿಜವಾದ ಎತ್ತರದ ಎರಡರಷ್ಟು. ಮೊದಲು ಇಂಡೆಕ್ಸ್ ತಿದ್ದುಪಡಿ, ಆಮೇಲೆ ಅರ್ಧ. ಏಕೆಂದರೆ ದೋಷ ಇರುವುದು ಸ್ಕೇಲಿನ ಓದಿನಲ್ಲಿ, ಎತ್ತರದಲ್ಲಲ್ಲ. 98°24.8′ ಓದಿದರೆ, 1.4′ ಕಳೆದು 98°23.4′, ಅರ್ಧ ಮಾಡಿ 49°11.7′. ಮೊದಲೇ ಅರ್ಧ ಮಾಡಿ ಆಮೇಲೆ 1.4′ ಕಳೆದರೆ 49°11.0′ ಬರುತ್ತದೆ: 0.7′ ತಪ್ಪು, ಅಂದರೆ ಸುಮಾರು 1.3 ಕಿ.ಮೀ. ವಕ್ರೀಭವನದ (ಗಾಳಿಯಲ್ಲಿ ಬೆಳಕು ಬಾಗುವುದರ) 0.8′ ಅರ್ಧ ಮಾಡಿದ ನಂತರವೇ ಕಳೆಯಿರಿ, ಅದು ನಿಜವಾದ ಎತ್ತರಕ್ಕೆ ಸೇರಿದ್ದು. ಪ್ಯಾರಲಾಕ್ಸ್ (ಭೂಮಿಯ ಕೇಂದ್ರದ ಬದಲು ಮೇಲ್ಮೈಯಿಂದ ನೋಡುವುದರ ವ್ಯತ್ಯಾಸ) 0.1′ ಕೂಡಿಸಿದರೆ 49°11.0′. ಹೌದು, ತಪ್ಪು ದಾರಿಯಲ್ಲಿ ಬಂದ ಅಂಕಿಯೇ! ಅಲ್ಲಿ ವಕ್ರೀಭವನ ಇನ್ನೂ ಕಳೆದಿರಲಿಲ್ಲ, ಮೋಸಹೋಗಬೇಡಿ. ಡಿಪ್ ತಿದ್ದುಪಡಿ (ಎತ್ತರದಿಂದ ನೋಡಿದಾಗ ಕಡಲ ದಿಗಂತ ತಗ್ಗಿ ಕಾಣುವುದಕ್ಕೆ) ಇಲ್ಲಿ ಇಲ್ಲವೇ ಇಲ್ಲ. ಎರಡು ಬಿಂಬ ಪೂರ್ತಿ ಒಂದರ ಮೇಲೊಂದು ಕೂಡಿಸಿದರೆ ಅರೆವ್ಯಾಸವೂ ಬೇಡ.

ಸ್ಕೇಲು 120° ಸುಮಾರಿಗೆ ಮುಗಿಯುವುದರಿಂದ ಸೂರ್ಯ 60° ದಾಟಬಾರದು. ನಮ್ಮ 15.4° ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯ ಸಿಗುವುದು ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಮಾತ್ರ. ಉಳಿದ ತಿಂಗಳು ಬೆಳಿಗ್ಗೆ ಅಥವಾ ಇಳಿಹೊತ್ತು.

ಮೈಕ್ರೋಮೀಟರನ್ನು (ನಿಮಿಷ ಓದುವ ತಿರುಗುಗುಂಡಿ) ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ನಿಲ್ಲಿಸಿ, ಹಲ್ಲಿನ ಸಡಿಲು ಓದಿಗೆ ಬರುವುದಿಲ್ಲ. ಗಡಿಯಾರ 4 ಸೆಕೆಂಡ್ ತಪ್ಪಿದರೆ ರೇಖಾಂಶ 1′, ಇಲ್ಲಿ ಸುಮಾರು 1.8 ಕಿ.ಮೀ. ಪಂಚಾಂಗ ಇರುವುದು ಗ್ರೀನಿಚ್ ಸಮಯದಲ್ಲಿ, ತೆರೆಯುವ ಮುನ್ನ ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆಯಿರಿ. ಬೆಳಿಗ್ಗೆ ಐದೂವರೆಗಿಂತ ಮುಂಚಿನ ನಕ್ಷತ್ರವಾದರೆ ತಾರೀಖೂ ಒಂದು ದಿನ ಹಿಂದೆ.