ಮೆಟ್ಟಿಲಿನಿಂದ ಬಾಗಿಲಿನ ಒಳಗೆ: ಅಪಾರ್ಟ್‌ಮೆಂಟ್ ಬೈಲಾ ಬೆಳೆದುಬಂದ ದಾರಿ

ಫ್ಲ್ಯಾಟ್ ಕೊಳ್ಳುವವರು ಕ್ರಯಪತ್ರವನ್ನು ವಕೀಲರಿಂದ ಸಾಲುಸಾಲಾಗಿ ಓದಿಸುತ್ತಾರೆ. ಅದರ ಜೊತೆಗೆ ಬಂದ ಬೈಲಾವನ್ನು ಮಾತ್ರ ಕಪಾಟಿನಲ್ಲಿಟ್ಟು ಮರೆಯುತ್ತಾರೆ. ನಾಯಿ ಸಾಕುವಂತಿಲ್ಲವೆಂದೋ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲವೆಂದೋ ನೋಟಿಸ್ ಬಂದ ದಿನ ಅದು ಮತ್ತೆ ಹೊರಬರುತ್ತದೆ. ತಾನು ಬರುವ ಮೊದಲೇ ಬೇರೆಯವರು ಬರೆದಿಟ್ಟ, ತಾನು ಸಹಿಯನ್ನೇ ಹಾಕದ ನಿಯಮಕ್ಕೆ ತಾನೇಕೆ ತಲೆಬಾಗಬೇಕು ಎಂಬ ಪ್ರಶ್ನೆ ಆಗ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ ಹೌದು.

ಒಂದೇ ಕಟ್ಟಡದ ಅಂತಸ್ತುಗಳಿಗೆ ಬೇರೆಬೇರೆ ಒಡೆಯರಿರುವುದು ಹೊಸತಲ್ಲ. 1720ರ ಬೆಂಕಿಯಲ್ಲಿ ಸುಟ್ಟ ಫ್ರಾನ್ಸಿನ ರೆನ್ ನಗರವನ್ನು ಮತ್ತೆ ಕಟ್ಟುವಾಗ ಜನ ಹಣ ಕೂಡಿಸಿ ಕಟ್ಟಡ ಎಬ್ಬಿಸಿ, ಅಂತಸ್ತುಗಳನ್ನು ಹಂಚಿಕೊಂಡರು. 1804ರ ಫ್ರೆಂಚ್ ಸಿವಿಲ್ ಸಂಹಿತೆಯ 664ನೆಯ ವಿಧಿ ಇಂಥ ಮನೆಗಳ ಖರ್ಚನ್ನು ಕೆಲವೇ ಸಾಲುಗಳಲ್ಲಿ ಹಂಚಿತು. ಒಡೆಯರ ನಡುವೆ ಬೇರೆ ಏರ್ಪಾಡು ಇಲ್ಲದಿದ್ದರೆ ಮುಖ್ಯ ಗೋಡೆ ಮತ್ತು ಚಾವಣಿಯ ಖರ್ಚನ್ನು ಎಲ್ಲರೂ ತಮ್ಮ ಅಂತಸ್ತಿನ ಬೆಲೆಗೆ ತಕ್ಕಂತೆ ಹೊರಬೇಕು. ಮೊದಲ ಅಂತಸ್ತಿನವನು ಅಲ್ಲಿಗೆ ಹತ್ತುವ ಮೆಟ್ಟಿಲನ್ನೂ, ಎರಡನೆಯ ಅಂತಸ್ತಿನವನು ಅಲ್ಲಿಂದ ತನ್ನ ಬಾಗಿಲಿನವರೆಗಿನ ಮೆಟ್ಟಿಲನ್ನೂ ಕಟ್ಟಿಸಬೇಕು. ನೆಲಮಹಡಿಯವರು ಲಿಫ್ಟಿನ ಖರ್ಚು ಕೊಡಬೇಕೇ ಎಂದು ಇಂದಿನ ಸಭೆಗಳಲ್ಲಿ ನಡೆಯುವ ವಾದದ ಬೇರು ಈ ಮೆಟ್ಟಿಲಿನಲ್ಲೇ ಇದೆ.

ಇಂಗ್ಲೆಂಡಿನಲ್ಲಿ ತೊಡಕು ಬೇರೆಯದಾಗಿತ್ತು. ಆಸ್ತಿ ಕೈಬದಲಾದ ಮೇಲೂ ‘ಇದನ್ನು ಮಾಡಕೂಡದು’ ಎಂಬ ಕರಾರು, ಅದನ್ನು ತಿಳಿದೇ ಕೊಂಡ ಹೊಸ ಒಡೆಯನಿಗೂ ಅನ್ವಯಿಸುತ್ತದೆಂದು 1848ರ ತೀರ್ಪು ಹೇಳಿತು. ಹಣ ಖರ್ಚು ಮಾಡಿ ‘ಇದನ್ನು ಮಾಡಲೇಬೇಕು’ ಎಂಬ ಕರಾರು ಹಾಗೆ ಅನ್ವಯಿಸದೆಂದು 1885ರ ತೀರ್ಪು ಹೇಳಿತು. ಹೀಗಾದರೆ ಚಾವಣಿ ಸೋರಿದಾಗ ಫ್ಲ್ಯಾಟಿನ ಹೊಸ ಒಡೆಯನಿಂದ ಪಾಲು ವಸೂಲು ಮಾಡುವುದು ಹೇಗೆ? ಕರಾರಿನಿಂದ ಆಗದ್ದನ್ನು ಶಾಸನದಿಂದಲೇ ಮಾಡಬೇಕಾಯಿತು. ಜರ್ಮನಿ 1951ರಲ್ಲಿ, ಪೋರ್ಟೊರಿಕೊ 1958ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1961ರಲ್ಲಿ ಅಂಥ ಕಾನೂನು ತಂದವು.

ಈ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಮೊದಲು ಅಲ್ಲಿ ಫ್ಲ್ಯಾಟ್ ಕೊಳ್ಳುವುದೆಂದರೆ, ಕಟ್ಟಡದ ಒಡೆತನವಿರುವ ಕಂಪನಿಯ ಷೇರು ಕೊಂಡು ಅದರ ಬಲದ ಮೇಲೆ ಮನೆಯಲ್ಲಿರುವುದು. ಅಂಥ ಷೇರಿನ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತಿದ್ದವು. ಹೊಸ ಕಾನೂನು ಪ್ರತಿ ಫ್ಲ್ಯಾಟಿಗೂ ಪ್ರತ್ಯೇಕ ಹಕ್ಕುಪತ್ರ ಕೊಟ್ಟಿತು, ಒಡೆಯರೆಲ್ಲರನ್ನೂ ತಾನಾಗಿಯೇ ಒಂದು ಸಂಘವಾಗಿಸಿತು, ಬೈಲಾಕ್ಕೆ ಪ್ರತಿಯೊಬ್ಬ ಒಡೆಯನೂ ಸಹಿ ಹಾಕಿದಷ್ಟೇ ಬಲವಿದೆಯೆಂದು ಸಾರಿತು. ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ: ನಾವು ಹಾಕದ ಸಹಿಯನ್ನು ನಮ್ಮ ಪರವಾಗಿ ಕಾನೂನೇ ಹಾಕಿರುತ್ತದೆ.

ಸಹಿಗೆ ಇಷ್ಟು ಬಲ ಬಂದ ಮೇಲೆ ಬೈಲಾ ಗದ್ದಲ, ಕಸ, ವಾಹನ ನಿಲುಗಡೆಗಳಲ್ಲೇ ನಿಲ್ಲಲಿಲ್ಲ. ಒಬ್ಬ ನಿವಾಸಿಯೂ ಬರುವ ಮುನ್ನವೇ ಕಟ್ಟಡ ಕಟ್ಟಿದವರು ದಪ್ಪ ದಪ್ಪ ಬೈಲಾ ಬರೆದಿಡುವುದು ರೂಢಿಯಾಯಿತು, ನಿಯಮಗಳು ಬಾಗಿಲು ದಾಟಿ ಮನೆಯೊಳಗೂ ಬಂದವು. ತಿದ್ದುವುದೂ ಸುಲಭವಲ್ಲ: ಅದೇ ರಾಜ್ಯದ 2015ರ ಕಾನೂನಿನಂತೆ ಬೈಲಾ ಬದಲಿಸಲು ವಿಶೇಷ ನಿರ್ಣಯ ಬೇಕು, ವಿರುದ್ಧದ ಮತ ಶೇ. 25ನ್ನು ಮೀರಿದರೆ ಅದು ಬಿದ್ದುಹೋಗುತ್ತದೆ. ಅಂಗೀಕಾರವಾದರೂ ಆರು ತಿಂಗಳೊಳಗೆ ನೋಂದಣಿಗೆ ಸಲ್ಲಿಸಬೇಕು, ದಾಖಲಾಗುವವರೆಗೆ ಅದು ಜಾರಿಗೆ ಬರುವುದಿಲ್ಲ. ಕಪಾಟಿನಲ್ಲಿರುವ ಪ್ರತಿಗಿಂತ ದಾಖಲಾದ ಪ್ರತಿಯನ್ನೇ ತರಿಸಿ ಓದಬೇಕೆನ್ನುವುದು ಇದಕ್ಕಾಗಿ.

ಕಾನೂನಿನಲ್ಲಿ ಒಂದು ಅಂಕುಶವೂ ಇತ್ತು: ಬೈಲಾ ಕಠೋರವಾಗಿರಬಾರದು, ದಬ್ಬಾಳಿಕೆಯಾಗಬಾರದು. ಅದರ ಹರಿತ ತಿಳಿದದ್ದು 2020ರ ಅಕ್ಟೋಬರ್‌ನಲ್ಲಿ, ಸಿಡ್ನಿಯ ಬಹುಮಹಡಿ ಕಟ್ಟಡವೊಂದರ ಪುಟ್ಟ ಷ್ನಾಜರ್ ನಾಯಿಯ ಮೊಕದ್ದಮೆಯಲ್ಲಿ. ನೆರೆಯವರಿಗೆ ತೊಂದರೆಯಾಗುತ್ತದೋ ಇಲ್ಲವೋ ಎಂದು ನೋಡದೆ ಪ್ರಾಣಿ ಸಾಕುವುದನ್ನೇ ಸಾರಾಸಗಟಾಗಿ ನಿಷೇಧಿಸುವ ಬೈಲಾ ಒಡೆಯನ ಹಕ್ಕಿನ ಮೇಲಿನ ದಬ್ಬಾಳಿಕೆಯೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2021ರಲ್ಲಿ ಶಾಸನವೇ ತಿದ್ದುಪಡಿಯಾಗಿ, ಸಕಾರಣವಿಲ್ಲದ ಇಂಥ ನಿಷೇಧಕ್ಕೆ ತಡೆ ಬಿತ್ತು.

ಬಹುಮತದ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದು ಅಷ್ಟಕ್ಕೇ ಇತ್ಯರ್ಥವಾಗಲಿಲ್ಲ. ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಫ್ಲ್ಯಾಟ್ ಬಾಡಿಗೆಗೆ ಕೊಡುವುದನ್ನು ವಿಶೇಷ ನಿರ್ಣಯದಿಂದ ತಡೆಯುವ ಅಧಿಕಾರ 2020ರಲ್ಲೇ ಅಲ್ಲಿನ ಸಂಘಗಳಿಗೆ ಸಿಕ್ಕಿತು. ಆದರೆ ಅದು ಒಡೆಯರು ತಾವೇ ವಾಸವಿರದ ಫ್ಲ್ಯಾಟುಗಳಿಗೆ ಮಾತ್ರ ಸಲ್ಲುತ್ತದೆ, ಅವರೇ ಸಂಸಾರ ಹೂಡಿರುವ ಮನೆಗೆ ಸಲ್ಲುವುದಿಲ್ಲ.