ಸ್ಯಾಚುರೇಷನ್ 90 ಅಂದರೆ ಮಾರುಕಟ್ಟೆ ತುಂಬಿದೆ ಅಂತಲ್ಲ

ಬೆಳೆಯುತ್ತಿರುವ ಮಾರುಕಟ್ಟೆಗೆ ವಿದೇಶಿ ರಿಟೇಲ್ ಕಂಪನಿ ಕಾಲಿಡುವ ಮುಂಚೆ ಅಲ್ಲಿನ ವ್ಯಾಪಾರ ಪರಿಸರವನ್ನು ಹೇಗೆ ಅಳೆಯುತ್ತದೆ ಅನ್ನುವ ಪಾಠಕ್ಕೆ ಇದು ನನ್ನ ಟಿಪ್ಪಣಿ. ಪೆಸ್ಟೆಲ್ (ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಪರಿಸರ, ಕಾನೂನು ಎಂದು ಪರಿಸರವನ್ನು ಆರು ಭಾಗ ಮಾಡಿ ನೋಡುವ ಪದ್ಧತಿ) ಪಾಠ ಓದಿದವರಿಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ನಾನು ಎರಡು ದಿನ ಒದ್ದಾಡಿದ್ದು ಒಂದೇ ಒಂದು ಕೋಷ್ಟಕದ ಮುಂದೆ. ಅರ್ಥ ಆದದ್ದು ಇನ್ನೂ ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಜಿಆರ್‌ಡಿಐ: ನಾನು ಎಡವಿದ ಜಾಗ

ಪೂರ್ತಿ ಹೆಸರು ಗ್ಲೋಬಲ್ ರಿಟೇಲ್ ಡೆವಲಪ್‌ಮೆಂಟ್ ಇಂಡೆಕ್ಸ್. ಕೀರ್ನಿ ಎಂಬ ಸಲಹಾ ಸಂಸ್ಥೆ ತಯಾರಿಸುವ ಸೂಚ್ಯಂಕ ಇದು. ಮುಂದುವರಿಯುತ್ತಿರುವ ದೇಶಗಳಲ್ಲಿ ಕೆಲವನ್ನು ಆರಿಸಿ, ರಿಟೇಲ್ ಹೂಡಿಕೆಗೆ ಯಾವುದು ಮೇಲು ಎಂದು ಸಾಲಾಗಿ ಜೋಡಿಸುತ್ತಾರೆ. ನಾಲ್ಕು ಕಾಲಂ ಇವೆ: ಮಾರುಕಟ್ಟೆಯ ಆಕರ್ಷಣೆ, ದೇಶದ ರಿಸ್ಕ್, ಮಾರ್ಕೆಟ್ ಸ್ಯಾಚುರೇಷನ್ (ಮಾರುಕಟ್ಟೆ ಎಷ್ಟು ತುಂಬಿದೆ), ಟೈಮ್ ಪ್ರೆಷರ್ (ಬೇಗ ಹೋಗಬೇಕೆಂಬ ಒತ್ತಡ). ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಅಂಕ, ಪ್ರತಿಯೊಂದಕ್ಕೂ 25% ತೂಕ. ಅಂದರೆ ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಆಯಿತು. ಲೆಕ್ಕ ಇಷ್ಟು ಸುಲಭ, ಆದರೆ ಓದುವುದು ಸುಲಭವಲ್ಲ.

ಒಂದು ದೇಶದ ಮುಂದೆ ಸ್ಯಾಚುರೇಷನ್ ಕಾಲಂನಲ್ಲಿ 90ರ ಹತ್ತಿರದ ಅಂಕ ಇತ್ತು. "ಇಲ್ಲಿ ದೊಡ್ಡ ಮಳಿಗೆಗಳು ಈಗಾಗಲೇ ತುಂಬಿಕೊಂಡಿವೆ, ಹೊಸಬರಿಗೆ ಜಾಗವಿಲ್ಲ" ಎಂದು ನಾನು ಅಸೈನ್‌ಮೆಂಟ್‌ನಲ್ಲಿ ಒಂದು ಪುಟ ಬರೆದೆ. ಆ ಪುಟ ಪೂರ್ತಿ ತಲೆಕೆಳಗು. ಸ್ಯಾಚುರೇಷನ್ 0 ಅಂದರೆ ಮಾರುಕಟ್ಟೆ ತುಂಬಿದೆ, 100 ಅಂದರೆ ಖಾಲಿ ಇದೆ. ರಿಸ್ಕ್ ಕಾಲಂ ಕೂಡ ಹಾಗೆಯೇ: 0 ಅಂದರೆ ರಿಸ್ಕ್ ಜಾಸ್ತಿ, 100 ಅಂದರೆ ಕಡಿಮೆ. ಕಾಲಂನ ಹೆಸರು ಒಂದು ಕಡೆ ಎಳೆಯುತ್ತದೆ, ಅಂಕ ಇನ್ನೊಂದು ಕಡೆ.

ಯಾಕೆ ಹೀಗೆ ಮಾಡಿದ್ದಾರೆ? ಕೊನೆಗೆ ನಾಲ್ಕನ್ನೂ ಕೂಡಿಸಬೇಕಲ್ವಾ? ಕೂಡಿಸಬೇಕಾದರೆ ಎಲ್ಲ ಅಂಕಗಳೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಜಾಸ್ತಿ ಅಂಕ ಅಂದರೆ ಜಾಸ್ತಿ ಅನುಕೂಲ ಅಂತಲೇ ಆಗಬೇಕು. ರಿಸ್ಕ್ ಏರಿದಂತೆ ಅಂಕವೂ ಏರಿದ್ದರೆ ಅತಿ ಅಪಾಯದ ದೇಶ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿತ್ತು. ಇದು ಹೊಳೆದ ಮೇಲೆ ನಾನು ಪೆನ್ಸಿಲ್‌ನಲ್ಲಿ ಕಾಲಂಗಳ ಹೆಸರನ್ನೇ ಬದಲಾಯಿಸಿಕೊಂಡೆ. ರಿಸ್ಕ್ ಅನ್ನು ಹೊಡೆದು "ನೆಮ್ಮದಿ" ಎಂದು ಬರೆದೆ. ಸ್ಯಾಚುರೇಷನ್ ಅನ್ನು ಹೊಡೆದು "ಖಾಲಿ ಜಾಗ" ಎಂದು ಬರೆದೆ. ಆಮೇಲೆ ಒಂದು ಸಲವೂ ತಪ್ಪಿಲ್ಲ. ನೀವೂ ಹಾಗೆಯೇ ಮಾಡಿಕೊಳ್ಳಿ, ಬಾಯಿಪಾಠ ಮಾಡುವುದಕ್ಕಿಂತ ಎಷ್ಟೋ ವಾಸಿ.

ಖಾಲಿ ಜಾಗವನ್ನು ಅಳೆಯಲು ಅವರು ನೋಡುವುದು ಇವನ್ನು: ಒಟ್ಟು ಮಾರಾಟದಲ್ಲಿ ಆಧುನಿಕ ಮಳಿಗೆಗಳ (ಸೂಪರ್ ಮಾರ್ಕೆಟ್‌ನಂಥವು) ಪಾಲು ಎಷ್ಟು, ಎಷ್ಟು ಅಂತರರಾಷ್ಟ್ರೀಯ ಕಂಪನಿಗಳು ಬಂದಿವೆ, ನಗರದ ಒಬ್ಬೊಬ್ಬರಿಗೆ ಎಷ್ಟು ಚದರ ಮೀಟರ್ ಆಧುನಿಕ ಮಳಿಗೆ ಇದೆ, ಮುಂಚೂಣಿಯ ಕಂಪನಿಗಳ ಕೈಯಲ್ಲಿ ಎಷ್ಟು ಮಾರುಕಟ್ಟೆ ಇದೆ.

ಟೈಮ್ ಪ್ರೆಷರ್ ನನಗೆ ಇನ್ನೂ ಹೆಚ್ಚು ಹೊತ್ತು ತಿಂದಿತು. ಇದರಲ್ಲಿ ತಲೆಕೆಳಗು ಏನೂ ಇಲ್ಲ, 100 ಅಂದರೆ ಒತ್ತಡ ಜಾಸ್ತಿ ಅಂತಲೇ ಅರ್ಥ. ಆದರೆ ಒತ್ತಡ ಹೇಗೆ ಒಳ್ಳೆಯದಾಗುತ್ತದೆ? ಉತ್ತರ ಅದನ್ನು ಅಳೆಯುವ ರೀತಿಯಲ್ಲಿದೆ. ದೇಶದ ಆರ್ಥಿಕತೆ ಬೆಳೆಯುವ ವೇಗಕ್ಕೆ ಹೋಲಿಸಿದರೆ ಆಧುನಿಕ ರಿಟೇಲ್ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ನೋಡುತ್ತಾರೆ. ಆಧುನಿಕ ರಿಟೇಲ್ ಮುಂದೆ ಓಡುತ್ತಿದ್ದರೆ ಈಗ ಹೋದವನಿಗೆ ಬೆಳವಣಿಗೆಯ ಪಾಲು ಸಿಗುತ್ತದೆ, ತಡ ಮಾಡಿದವನಿಗೆ ತಪ್ಪುತ್ತದೆ. ಹೈಪರ್‌ಮಾರ್ಕೆಟ್‌ಗೆ (ದಿನಸಿಯಿಂದ ಬಟ್ಟೆಯವರೆಗೆ ಎಲ್ಲ ಮಾರುವ ಭಾರಿ ಮಳಿಗೆಗೆ) ಬೇಕಾದ ಜಾಗವನ್ನು ನೆನಪಿಸಿಕೊಳ್ಳಿ. ಮುಖ್ಯರಸ್ತೆಗೆ ತಾಗಿರಬೇಕು, ಲಾರಿ ಹಿಂದಿನಿಂದ ಬಂದು ಸರಕು ಇಳಿಸುವಂತಿರಬೇಕು, ನೂರಾರು ಕಾರು ನಿಲ್ಲಬೇಕು. ಒಂದು ನಗರದಲ್ಲಿ ಅಂಥ ಜಾಗ ಎಷ್ಟು ಸಿಕ್ಕೀತು? ಮೊದಲು ಬಂದವನು ಉದ್ದನೆಯ ಲೀಸ್‌ಗೆ ಹಿಡಿದುಕೊಂಡರೆ ಎರಡನೆಯವನು ಊರಾಚೆ ಹೋಗಬೇಕು. ಹಾಗಾಗಿ ಈ ಕಾಲಂಗೆ ನನ್ನ ಪೆನ್ಸಿಲ್ ಹೆಸರು "ಈಗಲೇ ಹೋಗು".

ಈಗ ಒಂದು ಲೆಕ್ಕ. ಎರಡು ದೇಶ ಇವೆ ಅಂದುಕೊಳ್ಳಿ. ಅ ದೇಶಕ್ಕೆ ಆಕರ್ಷಣೆ 60, ರಿಸ್ಕ್ 70, ಸ್ಯಾಚುರೇಷನ್ 30, ಟೈಮ್ ಪ್ರೆಷರ್ 80. ಒಟ್ಟು 240, ಸರಾಸರಿ 60. ಬ ದೇಶಕ್ಕೆ ಆಕರ್ಷಣೆ 50, ರಿಸ್ಕ್ 40, ಸ್ಯಾಚುರೇಷನ್ 90, ಟೈಮ್ ಪ್ರೆಷರ್ 60. ಇದರ ಒಟ್ಟೂ 240, ಸರಾಸರಿಯೂ 60. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಆದರೆ ಅ ದೇಶದಲ್ಲಿ ನೆಮ್ಮದಿ ಇದೆ, ಜಾಗ ಕಡಿಮೆ. ಬಂದವರು ಆಗಲೇ ಬಂದಾಗಿದೆ, ಇದ್ದಬದ್ದ ಜಾಗವೂ ಬೇಗ ಹೋಗುತ್ತಿದೆ. ಬ ದೇಶ ಹೆಚ್ಚು ಕಡಿಮೆ ಖಾಲಿ, ಆದರೆ ಅಲ್ಲಿ ಹಾಕಿದ ದುಡ್ಡಿಗೆ ಭರವಸೆ ಕಡಿಮೆ. ಅ ದೇಶದಲ್ಲಿ ಇರುವ ಕಂಪನಿಯನ್ನೇ ಕೊಂಡುಕೊಳ್ಳುವುದು ಜಾಣತನ ಆಗಬಹುದು. ಬ ದೇಶದಲ್ಲಿ ಸ್ಥಳೀಯ ಪಾಲುದಾರನ ಜೊತೆ ಸಣ್ಣದಾಗಿ ಶುರು ಮಾಡಬಹುದು. ಹೀಗಾಗಿ ಬರೀ ರ‍್ಯಾಂಕ್ ನೋಡಿ ಉತ್ತರ ಬರೆಯುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಾಲ್ಕು ಕಾಲಂ ಬಿಡಿಸಿ ಬರೆಯಲೇಬೇಕು.

ಅವಕಾಶದ ಕಿಟಕಿ

ಕೀರ್ನಿಯವರೇ ಹೇಳುವ ಇನ್ನೊಂದು ಮಾತು ಇದು. ಕಿಟಕಿ ಅಂದರೆ ಒಂದು ದೇಶಕ್ಕೆ ಕಾಲಿಡಲು ಅನುಕೂಲವಾದ ಕಾಲ. ಅದು ಮೊದಲು ತೆರೆಯುತ್ತದೆ, ಆಮೇಲೆ ಪೂರ್ತಿ ತೆರೆದಿರುತ್ತದೆ, ಆಮೇಲೆ ಮಾಗುತ್ತದೆ, ಕೊನೆಗೆ ಮುಚ್ಚುತ್ತದೆ. ಮೇಲಿನ ಕಾಲಂಗಳ ಜೊತೆ ಸೇರಿಸಿ ನೋಡಿದರೆ ಸಾಕು: ದೇಶ ಮಾಗುತ್ತಾ ಹೋದಂತೆ "ನೆಮ್ಮದಿ" ಸಾಮಾನ್ಯವಾಗಿ ಏರುತ್ತದೆ, "ಖಾಲಿ ಜಾಗ" ಇಳಿಯುತ್ತದೆ.

ಪಟ್ಟಿಯ ಮೊದಲನೆಯ ದೇಶದಲ್ಲೂ ಸೋಲು

ಬ್ರೆಜಿಲ್ 2011ರಿಂದ 2013ರವರೆಗೆ ಈ ಪಟ್ಟಿಯಲ್ಲಿ ಮೊದಲು ಇತ್ತು. ವಾಲ್‌ಮಾರ್ಟ್ ಅಲ್ಲಿಗೆ ಹೋದದ್ದು 1995ರಲ್ಲಿ. 2004 ಮತ್ತು 2005ರಲ್ಲಿ ಅಲ್ಲಿದ್ದ ಎರಡು ಮಳಿಗೆ ಸರಣಿಗಳನ್ನೂ (ಒಂದೇ ಕಂಪನಿಯ ಹಲವು ಮಳಿಗೆಗಳು) ಕೊಂಡಿತು. ಆದರೂ 2018ರಲ್ಲಿ ತನ್ನ ಬ್ರೆಜಿಲ್ ವ್ಯಾಪಾರದ 80% ಪಾಲನ್ನು ಅಡ್ವೆಂಟ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿ ಹೊರನಡೆಯಿತು. ಪ್ರತಿದಿನವೂ ಕಡಿಮೆ ಬೆಲೆ ಅನ್ನುವುದು ವಾಲ್‌ಮಾರ್ಟ್‌ನ ಪದ್ಧತಿ. ಆದರೆ ಅಲ್ಲಿನ ಗಿರಾಕಿಗಳು ರಿಯಾಯಿತಿಯ ದಿನ ನೋಡಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ಬೆಲೆ ಹೋಲಿಸಿ ಕೊಳ್ಳುವವರು.

ಅದೇ ದೇಶದಲ್ಲಿ ಫ್ರಾನ್ಸ್‌ನ ರಿಟೇಲ್ ಕಂಪನಿ ಕಾರ್ಫೂರ್ 2007ರಲ್ಲಿ ಅಟಕಾಡಾವ್ ಎಂಬ ಸ್ಥಳೀಯ ಸಗಟು ಸರಣಿಯನ್ನು ಕೊಂಡಿತು. ಗೋದಾಮಿನಂಥ ಮಳಿಗೆ, ಅಲಂಕಾರ ಕಡಿಮೆ, ಸಣ್ಣ ಅಂಗಡಿಯವರೂ ಮನೆಯವರೂ ಒಂದೇ ಕಡೆ ಕೊಳ್ಳುತ್ತಾರೆ. ಈ ಪದ್ಧತಿ ಅಲ್ಲಿ ಚೆನ್ನಾಗಿ ಬೇರೂರಿತು. ವಾಲ್‌ಮಾರ್ಟ್ ಬಿಟ್ಟುಹೋದ ವ್ಯಾಪಾರದ ಹೆಸರು ಗ್ರೂಪೋ ಬಿಗ್ ಎಂದು ಬದಲಾಯಿತು, 2022ರಲ್ಲಿ ಅದೂ ಕಾರ್ಫೂರ್‌ನ ಬ್ರೆಜಿಲ್ ಕಂಪನಿಯ ಕೈಗೇ ಬಂತು. ಸೂಚ್ಯಂಕ ದೇಶಕ್ಕೆ ಅಂಕ ಕೊಡುತ್ತದೆ. ನಿಮ್ಮ ಮಳಿಗೆಯ ಮಾದರಿ ಅಲ್ಲಿ ಹೊಂದುತ್ತದೋ ಇಲ್ಲವೋ ಅನ್ನುವುದು ಅದರ ಯಾವ ಕಾಲಂನಲ್ಲೂ ಇಲ್ಲ.

ಹಾಗಂತ ಕಾರ್ಫೂರ್ ಎಲ್ಲ ಕಡೆ ಗೆದ್ದಿತು ಅಂತ ಬರೆಯಬೇಡಿ. ಚೀನಾಕ್ಕೆ 1995ರಲ್ಲೇ ಹೋಗಿ, 2019ರಲ್ಲಿ ಅಲ್ಲಿನ ವ್ಯಾಪಾರದ 80% ಪಾಲನ್ನು ಚೀನಾದ್ದೇ ಕಂಪನಿಯಾದ ಸುನಿಂಗ್‌ಗೆ ಮಾರಿತು. ರಷ್ಯಾದಲ್ಲಂತೂ 2009ರ ಜೂನ್‌ನಲ್ಲಿ ಮೊದಲ ಮಳಿಗೆ ತೆರೆದು ಅಕ್ಟೋಬರ್‌ನಲ್ಲೇ ಹೊರಡುವುದಾಗಿ ಹೇಳಿತು.

ಕಾನೂನು: ಎರಡನೆಯ ಮಳಿಗೆಯ ಪ್ರಶ್ನೆ

ಇಲ್ಲಿ ವಿಯೆಟ್ನಾಂ ಒಂದನ್ನು ಗಟ್ಟಿ ಮಾಡಿಕೊಂಡರೆ ಸಾಕು. 2007ರಲ್ಲಿ ಅದು ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸೇರಿತು. 2008ರಲ್ಲಿ ಜಿಆರ್‌ಡಿಐ ಪಟ್ಟಿಯ ಮೊದಲ ಸ್ಥಾನ ಅದಕ್ಕೇ. 2009ರಿಂದ 100% ವಿದೇಶಿ ಒಡೆತನಕ್ಕೂ ಅವಕಾಶ ಸಿಕ್ಕಿತು. ಬಾಗಿಲು ಪೂರ್ತಿ ತೆರೆಯಿತು ಅಂತ ನಾನೂ ಅಂದುಕೊಂಡೆ. ಆದರೆ ಎರಡನೆಯ ಮಳಿಗೆಯಿಂದ ಶುರುವಾಗಿ ಪ್ರತಿ ಹೊಸ ಮಳಿಗೆಗೂ "ಆರ್ಥಿಕ ಅಗತ್ಯದ ಪರೀಕ್ಷೆ" ಎಂಬುದಿತ್ತು. ಆ ಪ್ರದೇಶದಲ್ಲಿ ಈಗ ಎಷ್ಟು ಮಳಿಗೆ ಇವೆ, ಜನಸಾಂದ್ರತೆ ಎಷ್ಟು, ಮಾರುಕಟ್ಟೆ ಸ್ಥಿರವಾಗಿದೆಯೇ ಎಂದು ಅಧಿಕಾರಿಗಳು ನೋಡಿ ತೀರ್ಮಾನಿಸುತ್ತಿದ್ದರು. 2013ರಲ್ಲಿ 500 ಚದರ ಮೀಟರ್‌ಗಿಂತ ಚಿಕ್ಕ ಮಳಿಗೆಗಳಿಗೆ ಕೆಲವು ಷರತ್ತಿನ ಮೇಲೆ ವಿನಾಯಿತಿ ಕೊಟ್ಟರು.

ಇದು ಯಾಕೆ ಅಷ್ಟು ದೊಡ್ಡ ತಡೆ? ಗೋದಾಮು, ಲಾರಿ, ಖರೀದಿ ತಂಡ, ಕಂಪ್ಯೂಟರ್ ವ್ಯವಸ್ಥೆ, ಇವುಗಳ ಖರ್ಚು ಒಂದು ಮಳಿಗೆ ಇದ್ದರೂ ಇರುತ್ತದೆ, ಇಪ್ಪತ್ತು ಇದ್ದರೂ ಇರುತ್ತದೆ. ಇಪ್ಪತ್ತಕ್ಕೆ ಹಂಚಿದರೆ ತಾನೆ ಬೆಲೆ ಇಳಿಸಲು ಆಗುವುದು? ಸರಣಿ ರಿಟೇಲ್‌ಗೆ ಮೊದಲ ಮಳಿಗೆಯ ಅನುಮತಿಗಿಂತ ಎರಡನೆಯದರ ಅನುಮತಿಯೇ ಮುಖ್ಯ. ಕೇಸ್ ಸ್ಟಡಿ ಬಂದರೆ ನಾನಂತೂ ಮೊದಲು ಹುಡುಕುವುದು ಇದನ್ನೇ.

ಅನುಮತಿ ಸಿಕ್ಕರೂ ಷರತ್ತು ಬರಬಹುದು. ವಾಲ್‌ಮಾರ್ಟ್ 2011ರಲ್ಲಿ ದಕ್ಷಿಣ ಆಫ್ರಿಕಾದ ಮಾಸ್‌ಮಾರ್ಟ್ ಎಂಬ ರಿಟೇಲ್ ಕಂಪನಿಯ 51% ಪಾಲನ್ನು ಕೊಂಡಾಗ, ಎರಡು ವರ್ಷ ಕೆಲಸಗಾರರನ್ನು ತೆಗೆಯಬಾರದು, ಸ್ಥಳೀಯ ಪೂರೈಕೆದಾರರನ್ನು ಬೆಳೆಸಲು ನಿಧಿ ಇಡಬೇಕು ಎಂದು ಅಲ್ಲಿನ ಸ್ಪರ್ಧಾ ನ್ಯಾಯಮಂಡಳಿ ಹೇಳಿತು.

ಕರೆನ್ಸಿ

ಚಿಕ್ಕದು, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಸ್ಥಳೀಯ ಹಣದಲ್ಲಿ ಮಾರಾಟ 12% ಏರಿತು ಅಂದುಕೊಳ್ಳಿ. ಅಲ್ಲಿ ಬೆಲೆಯೇರಿಕೆ 9%. ಆ ದೇಶದ ಹಣ ಕಂಪನಿಯ ತವರಿನ ಹಣದ ಎದುರು 15% ಬೆಲೆ ಕಳೆದುಕೊಂಡಿತು. ನಿಜವಾದ ಬೆಳವಣಿಗೆ 1.12 ಭಾಗಿಸು 1.09, ಸುಮಾರು 2.75%. ಸುಮ್ನೆ 12ರಿಂದ 9 ಕಳೆದು 3 ಅಂತ ಬರೆಯಬೇಡಿ, ಬೆಲೆಯೇರಿಕೆ ದೊಡ್ಡದಿದ್ದಾಗ ಈ ವ್ಯತ್ಯಾಸವೂ ದೊಡ್ಡದಾಗುತ್ತದೆ. ತವರಿನ ಹಣದಲ್ಲಿ 1.12 ಗುಣಿಸು 0.85, ಅಂದರೆ 0.952. ಮಾರಾಟ 4.8% ಕುಸಿದಂತೆ ಕಾಣುತ್ತದೆ! ಒಂದೇ ಮಳಿಗೆ, ಒಂದೇ ವರ್ಷ, ಮೂರು ಬೇರೆ ಬೇರೆ ಉತ್ತರ. ಪ್ರಶ್ನೆಯಲ್ಲಿ ವಾರ್ಷಿಕ ವರದಿಯ ಕೋಷ್ಟಕ ಕೊಟ್ಟಿದ್ದರೆ, ಅದು ಯಾವ ಹಣದಲ್ಲಿದೆ ಎಂದು ಮೊದಲು ತಲೆಬರಹದಲ್ಲಿ ನೋಡಿ, ಆಮೇಲೆ ಪೆನ್ನು ಎತ್ತಿ.