ದಿನಾ ಕುಡೀತೀರಾ ಅಂತ ಕೇಳಿದರೆ ಸಾಲದು

ಬಿಪಿ, ಶುಗರ್ ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ತಂದು ತುಂಬಿಸಿಕೊಳ್ಳುವ ಫಾರಂನಲ್ಲಿ, ಅಂಕ ಕೊಡುವ ಭಾಗದಲ್ಲಿ ಮದ್ಯದ ಬಗ್ಗೆ ಇರುವುದು ಒಂದೇ ಪ್ರಶ್ನೆ: ದಿನಾ ಮದ್ಯ ಸೇವಿಸುತ್ತೀರಾ? ಹೌದು ಎಂದರೆ ಒಂದು ಅಂಕ, ಇಲ್ಲ ಎಂದರೆ ಸೊನ್ನೆ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈ ಪ್ರಶ್ನೆ ಕೇಳಿದರೆ 'ಇಲ್ಲಪ್ಪ, ವಾರಕ್ಕೊಂದ್ಸಲ ಅಷ್ಟೇ' ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಬಟವಾಡೆ ಆದ ಸಂಜೆ ಒಂದು ಕ್ವಾರ್ಟರ್, ಉಳಿದ ಆರು ದಿನ ಏನೂ ಇಲ್ಲ. ಫಾರಂನಲ್ಲಿ ಸೊನ್ನೆ ಬಿತ್ತು, ಮುಂದಿನ ಮನೆಗೆ ಹೋದರು.

ಈ ಸೊನ್ನೆಯ ಮೇಲೆ ನನಗೆ ತಕರಾರಿದೆ.

ಕ್ವಾರ್ಟರ್ ಬಾಟಲಿಯ ಲೇಬಲ್ ಓದಿ. 180 ಎಂಎಲ್, ಶೇ. 42.8 ಎಂದು ಬರೆದಿರುತ್ತದೆ. ಅಂದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 77 ಎಂಎಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂಎಲ್‌ಗೆ 0.789 ಗ್ರಾಂ. ಗುಣಿಸಿದರೆ ಸುಮಾರು 61 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10 ಗ್ರಾಂ ಆಲ್ಕೋಹಾಲ್ ಎಂದರೆ ಒಂದು 'ಡ್ರಿಂಕ್'. ಹಾಗಾದರೆ ಒಂದು ಕ್ವಾರ್ಟರ್ ಎಂದರೆ ಆರು ಡ್ರಿಂಕ್, ನೈಂಟಿ ಪ್ಯಾಕೆಟ್ ಎಂದರೆ ಮೂರು. 'ಬಿಯರ್ ತಾನೇ, ಅದೇನು ಮಾಡುತ್ತೆ' ಎನ್ನುವವರಿಗೂ ಒಂದು ಲೆಕ್ಕ: ಶೇ. 7.5ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿರುವುದು ಹತ್ತಿರ ಹತ್ತಿರ ನಾಲ್ಕು ಡ್ರಿಂಕ್. ನಮ್ಮ ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ ಒಂದನ್ನು. ಎಷ್ಟೇ ಮಜ್ಜಿಗೆ ಕುಡಿದರೂ, ನಿಂಬೆಹಣ್ಣು ಹಿಂಡಿದರೂ ಆ ವೇಗ ಏರುವುದಿಲ್ಲ. ಒಡೆಯುವ ಕಿಣ್ವ ಪೂರ್ತಿ ಕೆಲಸದಲ್ಲಿ ತೊಡಗಿದ ಮೇಲೆ ಉಳಿದದ್ದು ರಕ್ತದಲ್ಲಿ ಸರದಿ ಕಾಯಲೇಬೇಕು. ಸಂಜೆ ಏಳಕ್ಕೆ ಮುಗಿಸಿದ ಕ್ವಾರ್ಟರ್ ನಡುರಾತ್ರಿ ದಾಟಿದರೂ ರಕ್ತದಲ್ಲಿರುತ್ತದೆ.

ಈ 42.8 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಬ್ರಿಟಿಷರ 'ಪ್ರೂಫ್' ಪದ್ಧತಿಯಿಂದ. ಮದ್ಯದಲ್ಲಿ ನೆನೆಸಿದ ಸಿಡಿಮದ್ದಿನ ಪುಡಿಗೆ ಬೆಂಕಿ ಹಚ್ಚಿ, ಹತ್ತಿಕೊಂಡರೆ ಸರಕು ಗಟ್ಟಿ ಎಂದು ಒಪ್ಪಿಕೊಳ್ಳುತ್ತಿದ್ದರಂತೆ. ಮುಂದೆ ಅದನ್ನೇ ಉಪಕರಣದಿಂದ ಅಳೆದು, ಶೇ. 57.1 ಆಲ್ಕೋಹಾಲ್ ಇದ್ದರೆ ನೂರು ಪ್ರೂಫ್ ಎಂದು ಗೊತ್ತು ಮಾಡಿದರು. ಅದರ ಮುಕ್ಕಾಲು ಭಾಗ 42.8. ಬ್ರಿಟಿಷರು ಹೋದರು, ಅವರ ಅಬಕಾರಿ ಲೆಕ್ಕ ಮಾತ್ರ ನಮ್ಮ ಬಾಟಲಿಗಳ ಮೇಲೆ ಹಾಗೇ ಉಳಿಯಿತು.

1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾರ್ವೆ, ಆಸ್ಟ್ರೇಲಿಯಾ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೊ, ಅಮೆರಿಕಗಳ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದ ರೋಗಿಗಳ ಮೇಲೆ ಅಧ್ಯಯನ ನಡೆಸಿ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿತು. ಆವರೆಗಿನ ಪ್ರಶ್ನಾವಳಿಗಳು ಹೆಚ್ಚಾಗಿ ಹುಡುಕುತ್ತಿದ್ದುದು ಆಗಲೇ ಚಟಕ್ಕೆ ಬಿದ್ದವರನ್ನು. ಚಟ ಇನ್ನೂ ಹತ್ತದವರ ಕುಡಿತವನ್ನೂ ಅಳೆಯುವುದು ಆಡಿಟ್‌ನ ಜಾಣತನ. ಅದರ ಮೂರನೇ ಪ್ರಶ್ನೆ ನನಗೆ ಬಹಳ ಇಷ್ಟ: ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ ಆಗುತ್ತದೆ? ಆರು ಡ್ರಿಂಕ್ ಅಂದರೆ ನಮ್ಮ ಕ್ವಾರ್ಟರ್. ಮಲೆನಾಡಿನಲ್ಲಿ ಈ ಪ್ರಶ್ನೆ ಕೇಳುವವರು 'ಎಷ್ಟು ಡ್ರಿಂಕ್' ಎಂದು ಕೇಳಿ ಪ್ರಯೋಜನವಿಲ್ಲ. 'ನೈಂಟಿಯೋ ಕ್ವಾರ್ಟರೋ, ಎಷ್ಟಾಗುತ್ತೆ' ಎಂದು ಕೇಳಿ, ಲೆಕ್ಕ ತಾವೇ ಹಾಕಿಕೊಳ್ಳಬೇಕು.

ಅದೇ ಬಟವಾಡೆ ಸಂಜೆಯ ಮನುಷ್ಯನಿಗೆ ಈಗ ಅಂಕ ಹಾಕೋಣ. ತಿಂಗಳಿಗೆ ನಾಲ್ಕು ಸಲ: 2. ಕುಡಿದ ದಿನ ಆರು ಡ್ರಿಂಕ್: 2. ಆರು ಡ್ರಿಂಕ್ ಆಗುವುದು ವಾರಕ್ಕೊಮ್ಮೆ: 3. ಕೊನೆಯ ಪ್ರಶ್ನೆ, ಮನೆಯವರು, ಸ್ನೇಹಿತರು ಅಥವಾ ಡಾಕ್ಟರು ಕಡಿಮೆ ಮಾಡು ಅಂದಿದ್ದಾರಾ? ಹೆಂಡತಿ ಈ ವರ್ಷವೇ ಅಂದಿದ್ದರೆ 4. ಉಳಿದ ಆರು ಪ್ರಶ್ನೆಗೆ ಸೊನ್ನೆ ಬಂದರೂ ಒಟ್ಟು 11. ಎಂಟು ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ. ಆಶಾ ಫಾರಂ ಸೊನ್ನೆ ಕೊಟ್ಟ ಮನುಷ್ಯ ಇವನೇ.

ಇವನನ್ನು ಕುಡುಕ ಎನ್ನಲು ನಾನು ಹೊರಟಿಲ್ಲ. ಹಾಗೆ ಅನ್ನುವುದರಿಂದಲೇ ಎಲ್ಲ ಕೆಡುವುದು. ಊರಿನ ತಿಳಿವಳಿಕೆಯಲ್ಲಿ ಗಂಡಸರು ಎರಡೇ ಬಗೆ: ಚರಂಡಿ ಪಕ್ಕ ಬಿದ್ದಿರುವವನು ಕುಡುಕ, ಉಳಿದವರೆಲ್ಲ ಒಳ್ಳೆಯವರು. ಮಾಲೆ ಹಾಕಿ 41 ದಿನ ಮುಟ್ಟದೆ ಇದ್ದವನು 'ನಂಗೇನು ಚಟ ಇಲ್ಲ' ಅನ್ನುತ್ತಾನೆ. ಆ ವ್ರತದ ಬಗ್ಗೆ ನನಗೆ ಗೌರವವಿದೆ, ಚಟವಿಲ್ಲ ಎಂಬುದೂ ನಿಜವೇ ಇರಬಹುದು. ಆದರೆ ಬಿಪಿ ಏರುವುದಕ್ಕೆ, ಬೈಕಿನಿಂದ ಬೀಳುವುದಕ್ಕೆ ಚಟವೇ ಆಗಬೇಕಿಲ್ಲ. ಅಪಾಯ ಸ್ವಲ್ಪವೇ ಇರುವ ಬಹಳ ಜನರಿಂದ, ಅಪಾಯ ಹೆಚ್ಚಿರುವ ಕೆಲವೇ ಜನರಿಗಿಂತ ಹೆಚ್ಚು ಕಾಯಿಲೆ ಹುಟ್ಟಬಹುದು ಎಂದು ಜನಸಮೂಹದಲ್ಲಿ ಕಾಯಿಲೆಗಳು ಯಾರಿಗೆ, ಏಕೆ ಬರುತ್ತವೆ ಎಂದು ಅಧ್ಯಯನ ಮಾಡುತ್ತಿದ್ದ ಜೆಫ್ರಿ ರೋಸ್ ಎಂಬ ಬ್ರಿಟಿಷ್ ತಜ್ಞ 1985ರಲ್ಲೇ ಬರೆದಿದ್ದರು. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವವರು 16 ಕೋಟಿ, ಅದರಿಂದಾಗಿ ನೆರವು ಬೇಕಾದವರು 5.7 ಕೋಟಿ. ಡಾಕ್ಟರು ಮುಖ ನೋಡಿ, ವಾಸನೆ ನೋಡಿ ಕೇಳಿದರೆ ಇವರಲ್ಲಿ ಎಷ್ಟು ಜನ ಸಿಕ್ಕಾರು? ಅದಕ್ಕೇ ಓಪಿಡಿಗೆ ಬಂದವರನ್ನೆಲ್ಲ ಕೇಳಬೇಕು, ತೂಕ ನೋಡಿದಷ್ಟೇ ಸಹಜವಾಗಿ. ಹೆಂಡತಿ, ಅಕ್ಕಪಕ್ಕದವರು ಕೇಳಿಸಿಕೊಳ್ಳದ ಜಾಗದಲ್ಲಿ.

ಕೇಳಿ ಆಮೇಲೆ? 11 ಬಂದವನಿಗೆ ಐದು ಹತ್ತು ನಿಮಿಷದ ಮಾತು: ನಿಮ್ಮ ಅಂಕ ಇಷ್ಟು, ಬಿಪಿ ಮಾತ್ರೆ ಹಿಡಿಯದಿರಲು ಇದೂ ಕಾರಣವಿರಬಹುದು, ಎಷ್ಟಕ್ಕೆ ಇಳಿಸಬಲ್ಲಿರಿ ಎಂದು ನೀವೇ ಹೇಳಿ. ಬೈಗುಳ ಬೇಡ, ದೇವರ ಮೇಲಿನ ಆಣೆಯೂ ಬೇಡ. 2018ರಲ್ಲಿ ಕಾಕ್ರೇನ್ ಸಂಸ್ಥೆ 69 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ಮಾತು ಕೇಳಿಸಿಕೊಂಡವರು ಒಂದು ವರ್ಷದ ನಂತರ, ಕೇಳಿಸಿಕೊಳ್ಳದವರಿಗಿಂತ ವಾರಕ್ಕೆ ಸರಾಸರಿ 20 ಗ್ರಾಂ ಕಡಿಮೆ ಕುಡಿಯುತ್ತಿದ್ದರು. ಎರಡು ಸಣ್ಣ ಪೆಗ್. ಒಬ್ಬನಿಗೆ ಚಿಕ್ಕದು, ತಾಲ್ಲೂಕಿಗೆ ದೊಡ್ಡದು.

ಅಂಕ 20 ಅಥವಾ ಹೆಚ್ಚು ಬಂದವರ ಕಥೆ ಬೇರೆ. ಅಲ್ಲಿ ಕೇಳದೆ ಇರುವುದೇ ಪ್ರಾಣಕ್ಕೆ ಎರವು. ಮೆಣಸು ಕೊಯ್ಯಲು ಸಿಲ್ವರ್ ಓಕ್‌ಗೆ ಏಣಿ ಹಾಕಿ ಹತ್ತಿದವನು ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರುತ್ತಾನೆ ಎಂದುಕೊಳ್ಳಿ. ಕುಡಿತದ ವಿಷಯ ಯಾರೂ ಕೇಳಲಿಲ್ಲ. ಮಾರನೇ ದಿನ ಕೈ ನಡುಕ. ಮೂರನೇ ದಿನ ರಾತ್ರಿ ಹಾಸಿಗೆ ಮೇಲೆ ಹುಳ ಹರಿಯುತ್ತಿವೆ ಎಂದು ಕೊಡವುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ, ಬೆವರುತ್ತಾನೆ. ಬಿದ್ದ ಜಾಗ ಸರಿಯಿಲ್ಲ, ಏನೋ ಮೆಟ್ಟಿಕೊಂಡಿದೆ ಎಂದು ಮನೆಯವರು ತಾಯತಕ್ಕೆ ಓಡುತ್ತಾರೆ.

ಮೆಟ್ಟಿಕೊಂಡದ್ದು ಏನೂ ಇಲ್ಲ. ಆಲ್ಕೋಹಾಲ್ ಮೆದುಳಿನ ಮೇಲೆ ಬ್ರೇಕಿನಂತೆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ದಿನವೂ ಬ್ರೇಕ್ ಒತ್ತಿದರೆ ಮೆದುಳು ತನ್ನ ಕೆಲಸ ನಡೆಯಬೇಕಲ್ಲ ಎಂದು ಆಕ್ಸಿಲರೇಟರ್ ಜೋರಾಗಿ ಒತ್ತಲು ಕಲಿಯುತ್ತದೆ. ಶಮನಗೊಳಿಸುವ 'ಗಾಬಾ' ವ್ಯವಸ್ಥೆ ಮಂಕಾಗುತ್ತದೆ, ಕೆರಳಿಸುವ 'ಗ್ಲುಟಮೇಟ್' ವ್ಯವಸ್ಥೆ ಬಲಿಯುತ್ತದೆ. ಆಸ್ಪತ್ರೆಯಲ್ಲಿ ಮದ್ಯ ದಿಢೀರನೆ ನಿಂತಾಗ ಬ್ರೇಕಿನಿಂದ ಕಾಲು ತೆಗೆದಂತಾಯಿತು, ಆಕ್ಸಿಲರೇಟರ್ ಮಾತ್ರ ಒತ್ತಿದ್ದು ಒತ್ತಿದಂತೇ ಇದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಈ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಸಾವೂ ಉಂಟು. ಸೇರಿದ ದಿನವೇ ಕೇಳಿದ್ದರೆ ಸರಿಯಾದ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಶುರುಮಾಡಿ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ವಿಪರೀತ ಕುಡಿಯುವವರನ್ನು ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸುವುದು ಅಪಾಯ ಎನ್ನುವುದೂ ಇದೇ ಕಾರಣಕ್ಕೆ.

ಗೋಡೆಗಳ ಮೇಲೆ 'ತಿಳಿಯದಂತೆ ಕುಡಿತ ಬಿಡಿಸಲಾಗುವುದು' ಎಂಬ ಜಾಹೀರಾತು ಕಂಡಾಗೆಲ್ಲ ನನಗೆ ಭಯವಾಗುತ್ತದೆ. ಆ ಪುಡಿಯಲ್ಲಿ ಏನಿದೆಯೋ ಕೊಂಡವರಿಗೆ ಗೊತ್ತಿಲ್ಲ. 1940ರ ದಶಕದ ಕೊನೆಗೆ ಡೆನ್ಮಾರ್ಕ್‌ನಲ್ಲಿ ಬಳಕೆಗೆ ಬಂದ ಡೈಸಲ್ಫಿರಾಂ ಎಂಬ ನಿಜವಾದ ಔಷಧವಿದೆ. ಅದನ್ನು ತೆಗೆದುಕೊಂಡವರು ಕುಡಿದರೆ, ಆಲ್ಕೋಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಶೇಖರವಾಗಿ ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ವೈದ್ಯರ ನಿಗಾದಲ್ಲಿ, ರೋಗಿ ಒಪ್ಪಿದರೆ ಮಾತ್ರ ಕೊಡುವ ಮಾತ್ರೆ ಅದು. ಕಾಫಿಗೆ ಬೆರೆಸಿ ಕೊಟ್ಟರೆ, ಗೊತ್ತಿಲ್ಲದೆ ಕುಡಿದವನ ಹೃದಯ ನಿಲ್ಲಬಹುದು. ನೆರವು ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮದ್ಯದ ಜೊತೆ ಉಳಿದ ಅಮಲುಗಳನ್ನೂ ಕೇಳಲು 'ಅಸಿಸ್ಟ್' ಎಂಬ ಇನ್ನೊಂದು ಪಟ್ಟಿ ಇದೆ. ಅದರ ಜೊತೆಗಿನ ಕಿರು ಸಲಹೆಯನ್ನು ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಪರೀಕ್ಷಿಸಿದ ನಾಲ್ಕು ದೇಶಗಳಲ್ಲಿ ಭಾರತವೂ ಒಂದು. ತಂಬಾಕಿನಿಂದ ಶುರುವಾಗುವುದರಿಂದ ಯಾರಿಗೂ ಮುಜುಗರವಿಲ್ಲ. ಬೀಡಿ, ಗುಟ್ಕಾ ಒಪ್ಪಿಕೊಂಡವರು ಗಾಂಜಾವನ್ನೂ, ಮಾತ್ರೆಯನ್ನೂ ಹೇಳುವುದು ಸುಲಭ. ನಿದ್ರೆ ಮಾತ್ರೆಯನ್ನಂತೂ ಹೆಂಗಸರಲ್ಲೂ, ವಯಸ್ಸಾದವರಲ್ಲೂ ತಪ್ಪದೆ ಕೇಳಬೇಕು: ಯಾರು ಬರೆದುಕೊಟ್ಟರು, ಎಷ್ಟು ದಿನದಿಂದ, ಚೀಟಿ ಇಲ್ಲದೆ ಅಂಗಡಿಯಿಂದ ತರುತ್ತೀರಾ, ಅದರ ಮೇಲೆ ಕುಡಿಯುವುದೂ ಉಂಟಾ? ನಿದ್ರೆಗೆಂದು ನುಂಗುವ ಅಲ್ಪ್ರಜೋಲಾಂ ಮಾತ್ರೆ ಒತ್ತುವುದೂ ಮದ್ಯ ಒತ್ತುವ ಬ್ರೇಕನ್ನೇ. ಎರಡೂ ಸೇರಿದ ರಾತ್ರಿ ಉಸಿರಾಟವೇ ನಿಧಾನವಾಗಿ ನಿಂತುಹೋಗುವ ಅಪಾಯವಿರುವುದರಿಂದ, ಈ ಕೊನೆಯ ಪ್ರಶ್ನೆಗೆ ಹೌದು ಎಂದವರನ್ನು ಅಂಕ ಎಷ್ಟೇ ಬರಲಿ ಆ ದಿನವೇ ಡಾಕ್ಟರು ಕೂರಿಸಿಕೊಂಡು ಮಾತಾಡಬೇಕು.